ತ್ರೀ ಫೇಸ್ ಬಂದರೂ ಫೋನ್ ಸುಮ್ಮನಿದ್ದರೆ: ಮೋಟಾರ್ ಆ್ಯಪ್‌ನ ಅಲರ್ಟ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಟೊಮೆಟೊ ಇರಲಿ, ಹಿಪ್ಪುನೇರಳೆ ಇರಲಿ, ಹಸುವಿನ ಮೇವಿರಲಿ, ಬಹುಪಾಲು ಕೊಳವೆ ಬಾವಿಯ ನೀರನ್ನೇ ನಂಬಿದೆ. ಆ ನೀರನ್ನು ಮೇಲೆತ್ತುವ ಪಂಪ್‌ಸೆಟ್‌ಗೆ ತ್ರೀ ಫೇಸ್, ಅಂದರೆ ಮೂರು ತಂತಿಗಳಲ್ಲಿ ಬರುವ ವಿದ್ಯುತ್ ಬೇಕು. ಅದು ಇಡೀ ದಿನ ಇರುವುದಿಲ್ಲ. ಏಳು ಗಂಟೆಗಳ ಲೆಕ್ಕದಲ್ಲಿ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ, ಪಾಳಿಯ ಮೇಲೆ ಬರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ (ವಿದ್ಯುತ್ ತರುವ ಲೈನ್) ಬೇರೆ, ಪಂಪ್‌ಸೆಟ್‌ಗಳ ಫೀಡರ್ ಬೇರೆ ಆದ ಮೇಲೆ, ಮನೆಯ ದೀಪ ನೋಡಿ ತೋಟಕ್ಕೆ ಕರೆಂಟು ಬಂದಿದೆ ಎಂದು ತಿಳಿಯುವ ದಾರಿಯೂ ಮುಚ್ಚಿತು.

ಹಾಗಾಗಿಯೇ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ತೋಟಗಳಲ್ಲಿ ಸ್ಟಾರ್ಟರ್ ಪಕ್ಕದಲ್ಲಿ ಸಿಮ್ ಹಾಕಿದ ಒಂದು ಪೆಟ್ಟಿಗೆ ಕಾಣಿಸುತ್ತದೆ. ರೈತರು ಅದನ್ನು ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ತ್ರೀ ಫೇಸ್ ಬಂತು, ಹೋಯಿತು, ಒಂದು ಫೇಸ್ ಕಡಿದಿದೆ, ಮೋಟಾರ್ ಓಡುತ್ತಿದೆ, ಬಾವಿಯಲ್ಲಿ ನೀರಿಲ್ಲದೆ ಮೋಟಾರ್ ನಿಂತಿತು ಎಂಬುದನ್ನೆಲ್ಲ ಅದು ಮೊಬೈಲಿನಲ್ಲಿ ಹಾಕಿಕೊಂಡ ತನ್ನ ಆ್ಯಪ್ ಮೂಲಕ ತಿಳಿಸುತ್ತದೆ. ಪೆಟ್ಟಿಗೆಯನ್ನು ಆಟೋಮ್ಯಾಟಿಕ್‌ಗೆ ಇಟ್ಟಿದ್ದರೆ ಮೋಟಾರ್ ತಾನಾಗಿಯೇ ಶುರುವಾಗುತ್ತದೆ ನಿಜ. ಆದರೆ ಯಾವ ಸಾಲಿಗೆ ನೀರು ಬಿಡಬೇಕೆಂದು ಗೇಟ್ ವಾಲ್ವ್ ತಿರುಗಿಸಲು, ಪೈಪ್ ಒಡೆದಿದ್ದರೆ ನಿಲ್ಲಿಸಲು ಮನುಷ್ಯ ಹೋಗಲೇಬೇಕು. ಅಲರ್ಟ್ ಬಾರದಿದ್ದರೆ ಆ ರಾತ್ರಿಯ ಪಾಳಿ ಹೋದಂತೆಯೇ. ನೀರಿಲ್ಲದೆ ಓಡಿದ ಮೋಟಾರ್ ಸುಟ್ಟರೆ ಸಾವಿರ ಅಡಿಯ ಪೈಪನ್ನು ಮೇಲೆತ್ತಿಸಬೇಕು. ಆ ಖರ್ಚು ಕಂಡವರಿಗೆ ಈ ಸಣ್ಣ ಸದ್ದಿನ ಬೆಲೆ ಗೊತ್ತು.

ಮುಳಬಾಗಿಲಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಇಂಥ ಫೋನ್‌ಗಳು ಬರುತ್ತಲೇ ಇರುತ್ತವೆ. ತರುವವರು ಹೇಳುವುದು ಒಂದೇ ಮಾತು: ಆ್ಯಪ್ ಕೆಟ್ಟಿದೆ. ಆ್ಯಪ್ ನಿಜವಾಗಿ ಕೆಟ್ಟಿರುವುದು ಬಹಳ ಕಡಿಮೆ. ಅಲರ್ಟ್ ಎನ್ನುವುದು ತೋಟದ ಪೆಟ್ಟಿಗೆಯಿಂದ ಟವರಿಗೆ, ಅಲ್ಲಿಂದ ಕಂಪನಿಯ ಸರ್ವರಿಗೆ, ಅಲ್ಲಿಂದ ಗೂಗಲ್ ಅಥವಾ ಆ್ಯಪಲ್‌ನ ಸಂದೇಶ ವ್ಯವಸ್ಥೆಗೆ, ಕೊನೆಗೆ ನಿಮ್ಮ ಫೋನಿಗೆ ಬರುವ ಉದ್ದನೆಯ ಪಯಣ. ಎಲ್ಲಿ ಕಡಿದಿದೆ ಎಂದು ಮೊದಲು ಕಂಡುಕೊಂಡರೆ ಕೆಲಸ ಅರ್ಧ ಮುಗಿಯಿತು. ಕಂಡುಕೊಳ್ಳದೆ ಕೈಗೆ ಸಿಕ್ಕ ಸೆಟ್ಟಿಂಗನ್ನೆಲ್ಲ ಬದಲಾಯಿಸಿದರೆ ಹಳೆಯ ತೊಂದರೆಯ ಜೊತೆ ಹೊಸದೂ ಸೇರುತ್ತದೆ.

ಮೊದಲೇ ಆ್ಯಪ್ ತೆಗೆದುಹಾಕಬೇಡಿ

ಎಲ್ಲರೂ ಮೊದಲು ಮಾಡುವುದು ಇದನ್ನೇ: ಆ್ಯಪ್ ತೆಗೆದು ಮತ್ತೆ ಹಾಕುವುದು. ದಯವಿಟ್ಟು ಬೇಡ. ಆ್ಯಪ್ ತೆಗೆದರೆ ನೀವು ಅದಕ್ಕೆ ಕೊಟ್ಟಿದ್ದ ಅನುಮತಿಗಳು, ಬ್ಯಾಟರಿ ವಿನಾಯಿತಿ, ಆಯ್ದುಕೊಂಡ ಸದ್ದು ಎಲ್ಲವೂ ಅಳಿಸಿಹೋಗುತ್ತವೆ. ಅದಕ್ಕಿಂತ ಹೆಚ್ಚಾಗಿ, ತೊಂದರೆ ಎಲ್ಲಿತ್ತು ಎಂಬ ಸುಳಿವೂ ಅಳಿಸುತ್ತದೆ. ಕೆಲವು ಆ್ಯಪ್‌ಗಳಲ್ಲಿ ಪೆಟ್ಟಿಗೆಯನ್ನು ಮತ್ತೆ ಜೋಡಿಸಲು ಮಾರಿದವರ ಸಹಾಯವೇ ಬೇಕಾಗುತ್ತದೆ. ಅದು ಕೊನೆಯ ಹಂತದ ಕೆಲಸ.

ಹಂತ 1: ಹಿಸ್ಟರಿ ನೋಡಿ

ಆ್ಯಪ್ ತೆರೆಯಿರಿ. ಹಿಸ್ಟರಿ, ಲಾಗ್, ಇವೆಂಟ್ಸ್ ಅಥವಾ ರಿಪೋರ್ಟ್ ಎಂಬ ಪುಟ ಇರುತ್ತದೆ. ನಿನ್ನೆ ರಾತ್ರಿ ಅಲರ್ಟ್ ತಪ್ಪಿದ್ದರೆ, ಆ ಹೊತ್ತಿನಲ್ಲಿ ಅಲ್ಲಿ ಏನು ದಾಖಲಾಗಿದೆ ಎಂದು ನೋಡಿ. ಕರೆಂಟು ಎಷ್ಟು ಗಂಟೆಗೆ ಬಂತು ಎಂಬುದು ಪಕ್ಕದ ತೋಟದವರನ್ನು ಕೇಳಿದರೂ ತಿಳಿಯುತ್ತದೆ.

ದಾಖಲೆ ಇದೆ, ಸಮಯವೂ ಸರಿಯಿದೆ, ಆದರೆ ಫೋನ್ ಕೂಗಲಿಲ್ಲ ಎಂದರೆ ತೋಟದ ಪೆಟ್ಟಿಗೆ, ಅದರ ಸಿಮ್, ಟವರ್ ಎಲ್ಲವೂ ತಮ್ಮ ಕೆಲಸ ಮಾಡಿವೆ. ಸುದ್ದಿ ಸರ್ವರ್‌ವರೆಗೆ ಬಂದಿದೆ. ನೀವು ನೇರವಾಗಿ ಹಂತ 3ಕ್ಕೆ ಹೋಗಬಹುದು. ದಾಖಲೆಯೇ ಇಲ್ಲದಿದ್ದರೆ, ಅಥವಾ ಕರೆಂಟು ಬಂದ ಎಷ್ಟೋ ಹೊತ್ತಿನ ನಂತರದ ಸಮಯ ತೋರಿಸುತ್ತಿದ್ದರೆ, ಫೋನಿನ ಸೆಟ್ಟಿಂಗ್ ಮುಟ್ಟಬೇಡಿ. ತಪ್ಪು ತೋಟದಲ್ಲಿದೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಅದೇ ಪೆಟ್ಟಿಗೆಯ ಅಲರ್ಟ್ ಮನೆಯ ಇನ್ನೊಬ್ಬರ ಫೋನಿಗೂ ಹೋಗುವಂತಿದ್ದರೆ ಅವರನ್ನು ಕೇಳಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಫೋನಿಗೆ ಬಂದು, ತೋಟದ ಪಕ್ಕದಲ್ಲೇ ಇರುವ ತಂದೆಯ ಫೋನಿಗೆ ಬಾರದಿದ್ದರೆ ತೋಟದ ಕಡೆ ನೋಡುವ ಅಗತ್ಯವೇ ಇಲ್ಲ.

ಹಂತ 2: ತೋಟದ ಪೆಟ್ಟಿಗೆ

ಮೊದಲು ಎಚ್ಚರಿಕೆ. ಪ್ಯಾನೆಲ್ ಬಾಕ್ಸ್‌ನೊಳಗೆ ತ್ರೀ ಫೇಸ್ ಇದೆ. ಫೇಸ್‌ನಿಂದ ಫೇಸ್‌ಗೆ ನಾನೂರು ವೋಲ್ಟ್‌ಗಿಂತ ಹೆಚ್ಚು. ಸಿಮ್ ತೆಗೆಯುವಷ್ಟೇ ಕೆಲಸವಾದರೂ ಮೇನ್ ಸ್ವಿಚ್ ಇಳಿಸಿ, ಒಣಗಿದ ಕೈಯಲ್ಲಿ, ಹಗಲಿನಲ್ಲಿ ಮಾಡಿ. ಮೇನ್ ಇಳಿಸಿದರೂ ಸ್ವಿಚ್‌ಗೆ ಬರುವ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಅವುಗಳ ಹತ್ತಿರ ಕೈ ಹೋಗಬಾರದು. ವೈರಿಂಗ್ ಮುಟ್ಟಬೇಕಾದರೆ ಎಲೆಕ್ಟ್ರಿಷಿಯನ್ನರನ್ನೇ ಕರೆಸಿ. ಮಳೆ ಬಂದು ನೆಲ ಒದ್ದೆಯಾಗಿದ್ದರೆ ಆ ದಿನ ಬೇಡವೇ ಬೇಡ.

ಪೆಟ್ಟಿಗೆಯ ತೊಂದರೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಸಿಮ್‌ನ ರೀಚಾರ್ಜ್. ಕೈಯಲ್ಲಿರುವ ಫೋನಿನ ಪ್ಯಾಕ್ ಮುಗಿದರೆ ತಕ್ಷಣ ಗೊತ್ತಾಗುತ್ತದೆ. ತೋಟದ ಪೆಟ್ಟಿಗೆಯಲ್ಲಿರುವ ಸಿಮ್‌ಗೆ ಬರುವ ಎಚ್ಚರಿಕೆ ಮೆಸೇಜನ್ನು ಓದುವವರು ಯಾರೂ ಇಲ್ಲ. ವ್ಯಾಲಿಡಿಟಿ ಮುಗಿದ ದಿನ ಪೆಟ್ಟಿಗೆ ಮೂಕವಾಗುತ್ತದೆ. ಆ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ. ರಿಂಗ್ ಆದರೆ ಸಿಮ್ ಜೀವಂತವಾಗಿದೆ. ಸ್ವಿಚ್ ಆಫ್ ಎಂದರೆ ಪೆಟ್ಟಿಗೆಗೆ ವಿದ್ಯುತ್ ಇಲ್ಲ ಅಥವಾ ಸಿಗ್ನಲ್ ಇಲ್ಲ. ಸೇವೆ ಸ್ಥಗಿತಗೊಂಡಿದೆ ಎಂದರೆ ರೀಚಾರ್ಜ್ ಮಾಡಿಸಿ. ಆದರೆ ಕರೆ ಹೋದ ಮಾತ್ರಕ್ಕೆ ಡೇಟಾ ಇದೆ ಎಂದಲ್ಲ. ಕರೆಗಷ್ಟೇ ಇರುವ ಅಗ್ಗದ ಪ್ಯಾಕ್ ಹಾಕಿಸಿದ್ದರೆ ಮಿಸ್ಡ್ ಕಾಲ್ ಕೊಟ್ಟಾಗ ಮೋಟಾರ್ ಶುರುವಾಗುತ್ತದೆ, ಆ್ಯಪ್‌ಗೆ ಮಾತ್ರ ಏನೂ ತಲುಪುವುದಿಲ್ಲ. ಕೆಲವು ಕಂಪನಿಗಳು ತಾವೇ ಹದಿಮೂರು ಅಂಕಿಯ ಯಂತ್ರದ ಸಿಮ್ ಹಾಕಿಕೊಡುತ್ತವೆ. ಅಂಥದ್ದನ್ನು ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಲು ಆಗುವುದಿಲ್ಲ, ಕಂಪನಿಗೆ ಕಟ್ಟಬೇಕಾದ ವಾರ್ಷಿಕ ಶುಲ್ಕ ಬಾಕಿಯಿದೆಯೇ ನೋಡಿ.

ಸಿಮ್ ಬದಲಾಯಿಸುವಾಗ ಒಂದು ಮಾತು ನೆನಪಿಡಿ. ಈ ಪೆಟ್ಟಿಗೆಗಳಲ್ಲಿ ಹಲವು 2ಜಿ ಜಾಲದ ಮೇಲೆ ಕೆಲಸ ಮಾಡುತ್ತವೆ. ಜಿಯೋಗೆ 2ಜಿ ಜಾಲವೇ ಇಲ್ಲ. ಅಗ್ಗವೆಂದು ಜಿಯೋ ಸಿಮ್ ಹಾಕಿದರೆ 2ಜಿ ಪೆಟ್ಟಿಗೆ ಅದನ್ನು ಗುರುತಿಸುವುದಿಲ್ಲ. ಪೆಟ್ಟಿಗೆಯ ಮೇಲೆ 4ಜಿ ಎಂದು ಬರೆದಿದೆಯೇ ನೋಡಿಕೊಂಡು ಸಿಮ್ ಕೊಳ್ಳಿ.

ಆಂಟೆನಾ ಎಲ್ಲಿದೆ ಎಂಬುದೂ ಮುಖ್ಯ. ಕಬ್ಬಿಣದ ಪ್ಯಾನೆಲ್ ಬಾಕ್ಸ್‌ನೊಳಗೆ ಆಂಟೆನಾ ಮಡಚಿ ಇಟ್ಟು ಬಾಗಿಲು ಹಾಕಿದರೆ ಸಿಗ್ನಲ್ ಒಳಗೆ ನುಸುಳುವುದಿಲ್ಲ. ಬಾಗಿಲು ತೆರೆದಿದ್ದಾಗ ಎಲ್ಲ ಸರಿ, ಮುಚ್ಚಿದೊಡನೆ ಮಾಯ ಎನ್ನುವ ಪೆಟ್ಟಿಗೆಗಳ ಕಥೆ ಇದೇ. ಆಂಟೆನಾ ತಂತಿಯನ್ನು ಹೊರಗೆ ತಂದು ಮೇಲ್ಗಡೆ ನಿಲ್ಲಿಸಿದರೆ ಸಾಕು. ಇಲಿ ಕಡಿದಿರುವುದೂ ಉಂಟು, ತಂತಿಯುದ್ದಕ್ಕೂ ಒಮ್ಮೆ ಕಣ್ಣಾಡಿಸಿ.

ಕರೆಂಟು ಹೋಯಿತು ಎಂಬ ಅಲರ್ಟ್ ಮಾತ್ರ ಬಾರದೆ, ಬಂತು ಎಂಬುದು ಸರಿಯಾಗಿ ಬರುತ್ತಿದ್ದರೆ ಪೆಟ್ಟಿಗೆಯೊಳಗಿನ ಸಣ್ಣ ಬ್ಯಾಟರಿ ಸತ್ತಿದೆ. ವಿದ್ಯುತ್ ಹೋದ ಮೇಲೂ ಒಂದು ಮಾತು ಕಳಿಸಲು ಆ ಬ್ಯಾಟರಿಯೇ ಆಧಾರ. ಬದಲಾಯಿಸಿದರೆ ಮುಗಿಯಿತು. ಇನ್ನು ಪೆಟ್ಟಿಗೆ ಒಂದು ಫೇಸ್ ಇಲ್ಲ ಎಂದು ಹೇಳುತ್ತಾ ಮೋಟಾರ್ ಓಡಲು ಬಿಡದಿದ್ದರೆ ಅದು ಅಲರ್ಟ್ ತೊಂದರೆಯಲ್ಲ. ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ಫ್ಯೂಸ್ ಹೋಗಿರಬಹುದು, ಲೈನ್‌ಮ್ಯಾನ್‌ಗೆ ತಿಳಿಸಿ ಅಥವಾ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಹಂತ 3: ಫೋನ್ ಹೇಗೆ ತಪ್ಪುತ್ತಿದೆ ಎಂದು ಗಮನಿಸಿ

ಸುದ್ದಿ ಸರ್ವರ್‌ಗೆ ಬಂದಿದ್ದರೂ ಫೋನ್ ಕೂಗದಿದ್ದರೆ, ತಪ್ಪುವ ರೀತಿಯಲ್ಲೇ ಕಾರಣ ಅಡಗಿದೆ. ಆ್ಯಪ್ ತೆರೆದೊಡನೆ ರಾತ್ರಿಯ ಅಲರ್ಟ್‌ಗಳೆಲ್ಲ ಒಟ್ಟಿಗೆ ಸುರಿದರೆ ಫೋನ್ ಆ್ಯಪನ್ನು ಮಲಗಿಸಿದೆ ಎಂದರ್ಥ, ಹಂತ 5 ನೋಡಿ. ಮೇಲಿನ ಪಟ್ಟಿಯಲ್ಲಿ ಚಿಹ್ನೆ ಬಂದಿದೆ, ಸದ್ದು ಮಾತ್ರ ಇಲ್ಲ ಎಂದರೆ ಹಂತ 4 ಮತ್ತು 7. ಮನೆಯಲ್ಲಿ ಬರುತ್ತದೆ, ಹೊರಗೆ ಹೋದಾಗ ಬರುವುದಿಲ್ಲ ಎಂದರೆ ಡೇಟಾ ತೊಂದರೆ, ಹಂತ 6. ತಿಂಗಳುಗಟ್ಟಲೆ ಸರಿಯಾಗಿದ್ದು, ಮಳೆಗಾಲದಲ್ಲಿ ಆ್ಯಪ್ ಮುಟ್ಟದೆ ಬಿಟ್ಟ ಮೇಲೆ ನಿಂತುಹೋಗಿದ್ದರೆ ಫೋನ್ ಅದನ್ನು ಬಳಕೆಯಿಲ್ಲದ ಆ್ಯಪ್ ಎಂದು ಬದಿಗೆ ಸರಿಸಿದೆ, ಅದಕ್ಕೂ ಹಂತ 5.

ಹೊಸ ಫೋನ್ ಕೊಂಡ ಮೇಲೆ ನಿಂತಿದ್ದರೆ ಕಾರಣವೇ ಬೇರೆ. ಪ್ರತಿ ಫೋನಿನಲ್ಲೂ ಆ್ಯಪ್ ತನ್ನದೇ ಗುರುತಿನ ಸಂಕೇತವೊಂದನ್ನು ಪಡೆದು ಸರ್ವರ್‌ಗೆ ಕೊಡುತ್ತದೆ. ಅಲರ್ಟ್ ಹೋಗುವುದು ಆ ಸಂಕೇತಕ್ಕೆ, ನಿಮ್ಮ ನಂಬರಿಗಲ್ಲ. ಹೊಸ ಫೋನಿನಲ್ಲಿ ಒಮ್ಮೆ ಲಾಗ್ ಔಟ್ ಮಾಡಿ ಲಾಗಿನ್ ಆದರೆ ಹೊಸ ಸಂಕೇತ ಸರ್ವರ್ ಸೇರುತ್ತದೆ. ಒಂದು ಖಾತೆಗೆ ಒಂದೇ ಫೋನ್ ಎಂದು ಲೆಕ್ಕ ಇಡುವ ಆ್ಯಪ್‌ಗಳೂ ಇವೆ. ಅಂಥದ್ದರಲ್ಲಿ ಮಗ ಲಾಗಿನ್ ಆದ ಕ್ಷಣವೇ ತಂದೆಯ ಫೋನ್ ಮೌನವಾಗುತ್ತದೆ. ಇಬ್ಬರಿಗೂ ಬೇಕಿದ್ದರೆ ಎರಡನೆಯ ಬಳಕೆದಾರರಾಗಿ ಸೇರಿಸುವ ಆಯ್ಕೆ ಹುಡುಕಿ.

ಹಂತ 4: ಅನುಮತಿ ಮತ್ತು ವಿಭಾಗ

ಆ್ಯಪ್‌ನ ಚಿತ್ರದ ಮೇಲೆ ಬೆರಳು ಒತ್ತಿಹಿಡಿದು ಆ್ಯಪ್ ಇನ್ಫೋ ತೆರೆಯಿರಿ. ಅಲ್ಲಿ ನೋಟಿಫಿಕೇಶನ್ಸ್ ಆನ್ ಇರಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್ ನೋಟಿಫಿಕೇಶನ್ ಕಳಿಸಲು ನಿಮ್ಮ ಅನುಮತಿ ಕೇಳಲೇಬೇಕು. ಆ್ಯಪ್ ಹಾಕಿದ ಮೊದಲ ದಿನ ಏನೋ ಕೇಳುತ್ತಿದೆ ಎಂದು ಬೇಡ ಒತ್ತಿದವರು ಬಹಳ. ಎರಡು ಬಾರಿ ಬೇಡ ಎಂದರೆ ಆ್ಯಪ್ ಮತ್ತೆ ಕೇಳಲು ವ್ಯವಸ್ಥೆಯೇ ಬಿಡುವುದಿಲ್ಲ. ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು.

ಅಷ್ಟಕ್ಕೇ ನಿಲ್ಲಬೇಡಿ. ಅದೇ ಪುಟದ ಕೆಳಗೆ ವಿಭಾಗಗಳ ಪಟ್ಟಿಯಿದೆ. ಆಂಡ್ರಾಯ್ಡ್ 8ರ ನಂತರ ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳು ಬೇರೆ ಬೇರೆ ವಿಭಾಗಗಳಾಗಿ ಬರುತ್ತವೆ: ಮೋಟಾರ್ ಅಲರ್ಟ್ ಒಂದು, ಕರೆಂಟಿನದು ಒಂದು, ಜಾಹೀರಾತು ಇನ್ನೊಂದು. ಮೇಲಿನ ಗುಂಡಿ ಆನ್ ಇದ್ದರೂ ಮೋಟಾರ್ ವಿಭಾಗ ಆಫ್ ಆಗಿರಬಹುದು ಅಥವಾ ಸೈಲೆಂಟ್ ಆಗಿರಬಹುದು. ನೋಟಿಫಿಕೇಶನ್ ಬಂದಾಗ ಒತ್ತಿಹಿಡಿದರೆ ಸೈಲೆಂಟ್ ಎಂಬ ಆಯ್ಕೆ ಬರುತ್ತದೆ. ಜೇಬಿನಲ್ಲೋ ಮಕ್ಕಳ ಕೈಯಲ್ಲೋ ಒಮ್ಮೆ ಅದು ಒತ್ತಿದರೆ ಆ ವಿಭಾಗ ಅಂದಿನಿಂದ ಸದ್ದಿಲ್ಲದೆ ಬರುತ್ತದೆ, ಆ್ಯಪ್ ತಾನಾಗಿ ಅದನ್ನು ಸರಿಪಡಿಸಲಾರದು. ಪ್ರತಿ ವಿಭಾಗವನ್ನೂ ತೆರೆದು ಸದ್ದು, ಲಾಕ್ ಸ್ಕ್ರೀನ್ ಮೇಲೆ ತೋರಿಸುವುದು, ಕಂಪನ ಮೂರನ್ನೂ ನೋಡಿ. ಸದ್ದಿನ ಜಾಗದಲ್ಲಿ ಉದ್ದನೆಯ, ಬೇರೆ ಯಾವುದಕ್ಕೂ ಬಳಸದ ರಿಂಗ್‌ಟೋನ್ ಹಾಕಿ. ವಾಟ್ಸ್ಆ್ಯಪ್‌ನ ಟಿಣ್ ಎಂಬಂಥ ಸದ್ದಿಗೆ ನಡುರಾತ್ರಿ ಯಾರೂ ಏಳುವುದಿಲ್ಲ. ಜಾಹೀರಾತಿನ ವಿಭಾಗವನ್ನು ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಒಂದು ದಿನ ಬೇಸತ್ತು ಇಡೀ ಆ್ಯಪನ್ನೇ ಮೌನ ಮಾಡುತ್ತೀರಿ.

ಹಂತ 5: ಬ್ಯಾಟರಿ ಉಳಿಸುವ ಹೆಸರಿನಲ್ಲಿ ಆ್ಯಪನ್ನು ಮಲಗಿಸುವುದು

ನನ್ನ ಅಂಗಡಿಗೆ ಬರುವ ಫೋನ್‌ಗಳಲ್ಲಿ ಅತಿ ಹೆಚ್ಚು ಕಾಣುವ ಕಾರಣ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2015ರ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಫೋನ್ ಚಾರ್ಜಿಗೆ ಇಲ್ಲ, ಪರದೆ ಆರಿದೆ, ಅಲುಗಾಡದೆ ಒಂದೆಡೆ ಬಿದ್ದಿದೆ ಎಂದರೆ ಸ್ವಲ್ಪ ಹೊತ್ತಿನಲ್ಲಿ ಫೋನ್ ನಿದ್ದೆಗೆ ಜಾರುತ್ತದೆ. ಆಗ ಆ್ಯಪ್‌ಗಳಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಆಗಾಗ ತೆರೆಯುವ ಸಣ್ಣ ಕಿಂಡಿಯಲ್ಲಿ ಬಾಕಿ ಸುದ್ದಿಗಳೆಲ್ಲ ಒಟ್ಟಿಗೆ ಒಳಗೆ ಬರುತ್ತವೆ, ನಿದ್ದೆ ಉದ್ದವಾದಷ್ಟೂ ಆ ಕಿಂಡಿಗಳ ನಡುವಿನ ಅಂತರ ಹೆಚ್ಚುತ್ತದೆ. ರಾತ್ರಿ ದಿಂಬಿನ ಪಕ್ಕದಲ್ಲಿಟ್ಟ ಫೋನ್ ಇದೇ ಸ್ಥಿತಿಯಲ್ಲಿರುತ್ತದೆ. ನಿದ್ದೆಯಲ್ಲಿರುವ ಫೋನನ್ನೂ ಎಬ್ಬಿಸಬಲ್ಲ ತುರ್ತು ದರ್ಜೆಯ ಸಂದೇಶ ಗೂಗಲ್‌ನ ವ್ಯವಸ್ಥೆಯಲ್ಲಿದೆ. ಒಳ್ಳೆಯ ಆ್ಯಪ್ ಅಲರ್ಟನ್ನು ಆ ದರ್ಜೆಯಲ್ಲೇ ಕಳಿಸುತ್ತದೆ. ಸಾಮಾನ್ಯ ದರ್ಜೆಯಲ್ಲಿ ಕಳಿಸಿದರೆ ಕಿಂಡಿ ತೆರೆಯುವವರೆಗೂ ಅದು ಕಾಯುತ್ತದೆ. ಅದನ್ನು ನೀವು ಬದಲಾಯಿಸಲಾರಿರಿ. ಆದರೆ ಫೋನ್ ಕಡೆಯಿಂದ ಆ್ಯಪ್‌ಗೆ ವಿನಾಯಿತಿ ಕೊಡಬಲ್ಲಿರಿ.

ಆ್ಯಪ್ ಇನ್ಫೋದಲ್ಲಿ ಬ್ಯಾಟರಿ ಎಂಬುದನ್ನು ತೆರೆದು ಅನ್‌ರಿಸ್ಟ್ರಿಕ್ಟೆಡ್ ಆಯ್ಕೆ ಮಾಡಿ. ಆಪ್ಟಿಮೈಸ್ಡ್ ಎಂಬ ನಡುವಿನ ಆಯ್ಕೆ ಕೇಳಲು ಹಿತವಾಗಿದ್ದರೂ ಅಲರ್ಟ್ ಆ್ಯಪ್‌ಗೆ ಸಾಲದು. ಅದೇ ಪುಟದಲ್ಲಿ, ಬಳಸದಿದ್ದರೆ ಆ್ಯಪ್ ಚಟುವಟಿಕೆ ನಿಲ್ಲಿಸು ಎಂಬರ್ಥದ ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಿ. ಆನ್ ಇದ್ದರೆ ಕೆಲವು ತಿಂಗಳು ತೆರೆಯದ ಆ್ಯಪ್‌ನ ಅನುಮತಿಗಳನ್ನು ಫೋನ್ ವಾಪಸು ಪಡೆಯುತ್ತದೆ. ಆಂಡ್ರಾಯ್ಡ್ 12ರಿಂದ ಆ್ಯಪನ್ನು ದೀರ್ಘ ನಿದ್ದೆಗೂ ತಳ್ಳುತ್ತದೆ, ಆಗ ತುರ್ತು ದರ್ಜೆಯ ಸಂದೇಶವೂ ತಲುಪುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಮೋಟಾರ್ ಆ್ಯಪನ್ನು ಯಾರೂ ತೆರೆಯುವುದಿಲ್ಲವಲ್ಲ, ಬೇಸಿಗೆ ಬಂದಾಗ ಅಲರ್ಟ್ ಇರುವುದಿಲ್ಲ.

ಇವು ಆಂಡ್ರಾಯ್ಡ್‌ನ ನಿಯಮಗಳಾದವು. ಫೋನ್ ತಯಾರಕರು ಇದರ ಮೇಲೆ ತಮ್ಮದೇ ಬಿಗಿ ಸೇರಿಸಿರುತ್ತಾರೆ. ರೆಡ್ಮಿ ಮತ್ತು ಪೋಕೋ ಫೋನ್‌ಗಳಲ್ಲಿ ಆ್ಯಪ್‌ನ ಪುಟದಲ್ಲಿ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ಸೇವರ್‌ನಲ್ಲಿ ನೋ ರಿಸ್ಟ್ರಿಕ್ಷನ್ಸ್ ಆರಿಸಿ. ರಿಯಲ್‌ಮಿ ಮತ್ತು ಒಪ್ಪೋದಲ್ಲಿ ಆಟೋ ಲಾಂಚ್ ಮತ್ತು ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ ಎರಡಕ್ಕೂ ಅನುಮತಿ ಕೊಡಿ. ವಿವೋದಲ್ಲಿ ಆಟೋಸ್ಟಾರ್ಟ್ ಜೊತೆಗೆ, ಬ್ಯಾಟರಿ ಪುಟದಲ್ಲಿ ಹಿನ್ನೆಲೆಯ ವಿದ್ಯುತ್ ಬಳಕೆಗೆ ಅವಕಾಶ ಕೊಡುವ ಆಯ್ಕೆ ಇದೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿಯೊಳಗಿನ ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್ ತೆರೆದು, ಸ್ಲೀಪಿಂಗ್ ಮತ್ತು ಡೀಪ್ ಸ್ಲೀಪಿಂಗ್ ಪಟ್ಟಿಗಳಲ್ಲಿ ಆ್ಯಪ್ ಇದ್ದರೆ ತೆಗೆದು, ನೆವರ್ ಸ್ಲೀಪಿಂಗ್ ಪಟ್ಟಿಗೆ ಸೇರಿಸಿ. ಫೋನಿನ ಮಾದರಿಗೆ ತಕ್ಕಂತೆ ಹೆಸರುಗಳು ಅಲ್ಪಸ್ವಲ್ಪ ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ಆಟೋ ಎಂದೋ ಬ್ಯಾಟರಿ ಎಂದೋ ಬರೆದರೆ ಸಿಗುತ್ತದೆ.

ನಮ್ಮ ಕೈಯ ಒಂದು ಅಭ್ಯಾಸವೂ ಇಲ್ಲಿ ಕಾರಣ. ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯನ್ನು ತೆಗೆದು ಎಲ್ಲವನ್ನೂ ಗುಡಿಸಿಹಾಕುವುದು. ಫೋನ್ ಹಗುರವಾಗುತ್ತದೆ ಎಂಬ ನಂಬಿಕೆ. ಹಲವು ಫೋನ್‌ಗಳಲ್ಲಿ ಹೀಗೆ ಗುಡಿಸಿದರೆ ಆ್ಯಪ್ ಸಂಪೂರ್ಣ ನಿಂತುಹೋಗುತ್ತದೆ, ಫೋರ್ಸ್ ಸ್ಟಾಪ್ ಒತ್ತಿದ ಹಾಗೆ. ಫೋರ್ಸ್ ಸ್ಟಾಪ್ ಆದ ಆ್ಯಪ್‌ಗೆ, ನೀವಾಗಿ ಮತ್ತೆ ತೆರೆಯುವವರೆಗೂ, ಯಾವ ಸಂದೇಶವೂ ತಲುಪುವುದಿಲ್ಲ. ಆ ಪಟ್ಟಿಯಲ್ಲಿ ಆ್ಯಪ್‌ನ ಚೌಕವನ್ನು ಒತ್ತಿಹಿಡಿದು ಬೀಗದ ಚಿಹ್ನೆ ಬಂದರೆ ಹಾಕಿಬಿಡಿ. ಫೋನ್ ಕ್ಲೀನ್ ಮಾಡುತ್ತೇವೆ ಎಂದು ಬರುವ ಕ್ಲೀನರ್ ಆ್ಯಪ್‌ಗಳು ಇದೇ ಕೆಲಸವನ್ನು ನಿಮಗೆ ತಿಳಿಯದಂತೆ ಮಾಡುತ್ತವೆ. ಅವುಗಳನ್ನು ಫೋನಿನಿಂದಲೇ ತೆಗೆಯಿರಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಐಫೋನ್ ಇರುವವರಿಗೆ ಕೆಲಸ ಕಡಿಮೆ: ನೋಟಿಫಿಕೇಶನ್ಸ್‌ನಲ್ಲಿ ಅನುಮತಿ ಮತ್ತು ಸದ್ದು ಆನ್ ಇರಬೇಕು, ಶೆಡ್ಯೂಲ್ಡ್ ಸಮರಿಯಲ್ಲಿ ಈ ಆ್ಯಪ್ ಸೇರಿರಬಾರದು. ಸೇರಿದ್ದರೆ ನಡುರಾತ್ರಿಯ ಅಲರ್ಟ್ ಬೆಳಗಿನ ಕಂತೆಯಲ್ಲಿ ಬರಬಹುದು.

ಹಂತ 6: ಡೇಟಾ

ರಾತ್ರಿ ಮಲಗುವಾಗ ಡೇಟಾ ಆಫ್ ಮಾಡುವ ಅಭ್ಯಾಸ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಡೇಟಾ ಇಲ್ಲದೆ ಆ್ಯಪ್‌ನ ಅಲರ್ಟ್ ಬರುವುದಿಲ್ಲ, ಅಷ್ಟೇ. ಆದರೆ ದಿನದ ಡೇಟಾ ಮಿತಿ ಮುಗಿದಿದೆ ಎಂದು ಹೆದರಬೇಕಿಲ್ಲ. ವೇಗ ತೀರಾ ಇಳಿದರೂ ಸಂಪರ್ಕ ಇರುತ್ತದೆ, ನೋಟಿಫಿಕೇಶನ್ ಎಂಬುದು ಕೆಲವೇ ಅಕ್ಷರಗಳ ಸಂಗತಿ, ಬಂದೇ ಬರುತ್ತದೆ.

ಡೇಟಾ ಸೇವರ್ ಆನ್ ಇದ್ದರೆ ಅದರೊಳಗೆ ಅನ್‌ರಿಸ್ಟ್ರಿಕ್ಟೆಡ್ ಡೇಟಾ ಪಟ್ಟಿಯಲ್ಲಿ ಈ ಆ್ಯಪನ್ನು ಸೇರಿಸಿ. ಆ್ಯಪ್ ಇನ್ಫೋದ ಮೊಬೈಲ್ ಡೇಟಾ ಪುಟದಲ್ಲಿ ಬ್ಯಾಕ್‌ಗ್ರೌಂಡ್ ಡೇಟಾ ಕೂಡ ಆನ್ ಇರಲಿ. ಮುಳಬಾಗಿಲು, ಶ್ರೀನಿವಾಸಪುರದ ಪೂರ್ವದ ಹಳ್ಳಿಗಳಲ್ಲಿ ಫೋನ್ ಆಂಧ್ರದ ಟವರ್ ಹಿಡಿಯುವುದುಂಟು, ಕೆಜಿಎಫ್ ಕಡೆ ತಮಿಳುನಾಡಿನದೂ ಬರುತ್ತದೆ. ಗಡಿಯ ತೋಟದಲ್ಲಿ ಮಾತ್ರ ಡೇಟಾ ನಿಲ್ಲುತ್ತಿದ್ದರೆ ಡೇಟಾ ರೋಮಿಂಗ್ ಆನ್ ಮಾಡಿ ನೋಡಿ. ಫೋನಿನ ದಿನಾಂಕ ಮತ್ತು ಸಮಯ ತಪ್ಪಿದ್ದರೂ ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಆಗುವುದಿಲ್ಲ, ಅದನ್ನು ಆಟೋಮ್ಯಾಟಿಕ್‌ಗೆ ಇಡಿ.

ಹಂತ 7: ಸದ್ದು ಮತ್ತು ಅಡಚಣೆ ಮಾಡಬೇಡಿ

ರಿಂಗ್‌ಟೋನ್‌ನ ಸದ್ದು ಬೇರೆ, ನೋಟಿಫಿಕೇಶನ್‌ನ ಸದ್ದು ಬೇರೆ ಎಂದು ಹಲವು ಫೋನ್‌ಗಳಲ್ಲಿದೆ. ವಾಲ್ಯೂಮ್ ಗುಂಡಿ ಒತ್ತಿ, ಪಟ್ಟಿ ಹಿಗ್ಗಿಸಿ ಎರಡನ್ನೂ ನೋಡಿ. ಬ್ಲೂಟೂತ್ ಇಯರ್‌ಫೋನ್ ಜೋಡಣೆಯಾಗಿಯೇ ಉಳಿದಿದ್ದರೆ ಸದ್ದು ಅಲ್ಲಿಗೆ ಹೋಗಬಹುದು.

ಅಡಚಣೆ ಮಾಡಬೇಡಿ (ಡು ನಾಟ್ ಡಿಸ್ಟರ್ಬ್) ಎಂಬ ವ್ಯವಸ್ಥೆ ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ತಾನಾಗಿ ಆನ್ ಆಗುವಂತೆ ಇಟ್ಟಿದ್ದೀರಾ, ಬೆಡ್‌ಟೈಮ್ ಮೋಡ್ ಇದೆಯೇ ನೋಡಿ. ಅದನ್ನು ಪೂರ್ತಿ ತೆಗೆಯಬೇಕಿಲ್ಲ. ಅದರೊಳಗೆ ಆ್ಯಪ್ಸ್ ಎಂಬಲ್ಲಿ ಮೋಟಾರ್ ಆ್ಯಪನ್ನು ಸೇರಿಸಿದರೆ ಅದೊಂದೇ ಮೌನ ಮುರಿಯುತ್ತದೆ.

ಹಂತ 8: ಸರಿಯಾದ ಪರೀಕ್ಷೆ

ಸೆಟ್ಟಿಂಗ್ ಬದಲಿಸಿದ ತಕ್ಷಣ, ಫೋನ್ ಕೈಯಲ್ಲಿ ಹಿಡಿದು, ಪರದೆ ಬೆಳಗುತ್ತಿರುವಾಗ ಪರೀಕ್ಷಿಸಿದರೆ ಅಲರ್ಟ್ ಬಂದೇ ಬರುತ್ತದೆ. ಫೋನ್ ಎಚ್ಚರವಾಗಿದೆಯಲ್ಲ! ಸರಿಯಾಯಿತು ಎಂದು ಮನೆಗೆ ಹೋದವರು ಮರುದಿನ ಮತ್ತೆ ಬರುತ್ತಾರೆ.

ಪರೀಕ್ಷೆ ಹೀಗಿರಲಿ. ಸಂಜೆ, ಚಾರ್ಜರ್‌ನಿಂದ ತೆಗೆದು, ಪರದೆ ಆರಿಸಿ, ಫೋನನ್ನು ರಾತ್ರಿ ಇಡುವ ಜಾಗದಲ್ಲೇ ಇಡಿ. ಎರಡು ಗಂಟೆ ಯಾರೂ ಮುಟ್ಟಬಾರದು. ವೈಫೈ ಇದ್ದರೂ ಆರಿಸಿ ಮೊಬೈಲ್ ಡೇಟಾದಲ್ಲೇ ಬಿಡಿ. ಆಮೇಲೆ ಬೇರೆ ಫೋನಿನಿಂದ ಮೋಟಾರ್ ಆನ್ ಮಾಡಿಸಿ, ಅಥವಾ ಕರೆಂಟು ಬರುವ ಹೊತ್ತಿಗೇ ಪರೀಕ್ಷೆ ಹೊಂದಿಸಿಕೊಳ್ಳಿ. ಆ್ಯಪ್‌ನ ಹಿಸ್ಟರಿಯ ಸಮಯಕ್ಕೂ ಫೋನ್ ಕೂಗಿದ ಸಮಯಕ್ಕೂ ಎಷ್ಟು ಅಂತರ ಎಂದು ಬರೆದಿಡಿ. ಒಂದು ನಿಮಿಷದೊಳಗಿದ್ದರೆ ಸರಿ. ಹತ್ತು, ಇಪ್ಪತ್ತು ನಿಮಿಷ ಎಂದರೆ ಹಂತ 5ರಲ್ಲಿ ಏನೋ ಉಳಿದಿದೆ. ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ ಪರೀಕ್ಷಿಸಿದರೆ ಯಾವುದರಿಂದ ಸರಿಯಾಯಿತು ಎಂದೂ ತಿಳಿಯುತ್ತದೆ. ಇದಕ್ಕೆ ತಾಳ್ಮೆ ಬೇಕು, ಆದರೆ ಮುಂದಿನ ಫೋನ್ ಕೊಂಡಾಗ ಆ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ದಾರಿ: ಕರೆ

ಎಷ್ಟೇ ಸರಿಪಡಿಸಿದರೂ, ಬಾವಿ ಒಣಗಿ ಮೋಟಾರ್ ನಿಂತಿತು ಎಂಬಂಥ ಸುದ್ದಿಯನ್ನು ಆ್ಯಪ್‌ನ ನೋಟಿಫಿಕೇಶನ್ ಒಂದಕ್ಕೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಲವು ಪೆಟ್ಟಿಗೆಗಳು ಫೋನ್ ಕರೆಯನ್ನೂ ಮಾಡಬಲ್ಲವು. ಆ ಆಯ್ಕೆ ಇದ್ದರೆ ಆನ್ ಮಾಡಿ. ಕರೆಗೆ ಡೇಟಾ ಬೇಡ, ಡೋಜ್ ಅದನ್ನು ತಡೆಯುವುದಿಲ್ಲ, ಮನೆಯ ಹಿರಿಯರ ಬಟನ್ ಫೋನಿಗೂ ಬರುತ್ತದೆ.

ಪೆಟ್ಟಿಗೆಯ ನಂಬರನ್ನು ಹೆಸರಿಟ್ಟು ಸೇವ್ ಮಾಡಿ, ನಕ್ಷತ್ರದ ಗುರುತು ಹಾಕಿ, ಬೇರೆ ರಿಂಗ್‌ಟೋನ್ ಕೊಡಿ. ಅಡಚಣೆ ಮಾಡಬೇಡಿ ವ್ಯವಸ್ಥೆಯಲ್ಲಿ ನಕ್ಷತ್ರದ ಗುರುತಿನವರ ಕರೆಗೆ ಅವಕಾಶ ಕೊಡಿ. ಒಂದೇ ನಂಬರಿನಿಂದ ಹದಿನೈದು ನಿಮಿಷದೊಳಗೆ ಎರಡನೆಯ ಬಾರಿ ಕರೆ ಬಂದರೆ ಬಿಡುವ ಆಯ್ಕೆಯೂ ಆಂಡ್ರಾಯ್ಡ್‌ನಲ್ಲಿದೆ. ಸ್ಪ್ಯಾಮ್ ಕರೆ ತಡೆಯುವ ಆ್ಯಪ್ ಇದ್ದರೆ, ಸೇವ್ ಮಾಡದ ಪೆಟ್ಟಿಗೆಯ ನಂಬರನ್ನು ಅದು ತಡೆದಿರಬಹುದು, ಅದರ ತಡೆಪಟ್ಟಿಯನ್ನೂ ನೋಡಿ.

ಸಿಡಿಲಿನ ಆ್ಯಪ್‌ಗೂ ಇದೇ ಕ್ರಮ

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ತೋಟದಲ್ಲಿರುವವರಿಗೆ ದಾಮಿನಿ ಆ್ಯಪ್ ಬಹಳ ಬೇಕಾದದ್ದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ಈ ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲಿನ ಬಗ್ಗೆ ತಿಳಿಸುತ್ತದೆ. ಮೇಲಿನ ಹಂತಗಳ ಜೊತೆಗೆ ಇದಕ್ಕೆ ಇನ್ನೊಂದು ಬೇಕು: ನೀವು ಎಲ್ಲಿದ್ದೀರಿ ಎಂಬ ಮಾಹಿತಿ. ಲೊಕೇಶನ್ ಅನುಮತಿಯಲ್ಲಿ ಆ್ಯಪ್ ಬಳಸುವಾಗ ಮಾತ್ರ ಎಂದಿದ್ದರೆ, ಮುಚ್ಚಿದ ಆ್ಯಪ್‌ಗೆ ನೀವಿರುವ ಜಾಗ ಗೊತ್ತಾಗುವುದಿಲ್ಲ. ಎಲ್ಲ ಸಮಯದಲ್ಲೂ ಎಂಬ ಆಯ್ಕೆ ಇದ್ದರೆ ಅದನ್ನು ಕೊಡಿ, ನಿಖರ ಲೊಕೇಶನ್ ಆನ್ ಮಾಡಿ. ಆದರೆ ಆಕಾಶ ಕಪ್ಪಾಗಿ ಗುಡುಗು ಕೇಳಿಸಿದರೆ ಅಲರ್ಟಿಗೆ ಕಾಯದೆ ಮರದಡಿಯಿಂದ, ಬಯಲಿನಿಂದ ಎದ್ದು ಮನೆಯೊಳಗೆ ಹೋಗಿ, ಮೋಟಾರ್ ಪ್ಯಾನೆಲ್ ಮುಟ್ಟಬೇಡಿ.

ಸರ್ಕಾರ ಟವರ್ ಮೂಲಕ ನೇರವಾಗಿ ಕಳಿಸುವ ತುರ್ತು ಸಂದೇಶ ಇವೆಲ್ಲಕ್ಕಿಂತ ಬೇರೆ. 2023ರಲ್ಲಿ ಪರೀಕ್ಷಾರ್ಥವಾಗಿ ಎಲ್ಲರ ಫೋನ್ ಒಮ್ಮೆಗೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದಕ್ಕೆ ಆ್ಯಪ್ ಬೇಡ, ಡೇಟಾ ಬೇಡ. ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂದು ಹುಡುಕಿ, ಆನ್ ಇದೆಯೇ ನೋಡಿದರೆ ಸಾಕು.

ಇಷ್ಟಾದರೂ ಬಾರದಿದ್ದರೆ

ಈಗ ಆ್ಯಪ್ ತೆಗೆದು ಮತ್ತೆ ಹಾಕಬಹುದು. ಹಾಕಿದ ಮೇಲೆ ಹಂತ 4ರಿಂದ 7ರವರೆಗಿನ ಎಲ್ಲವನ್ನೂ ಮತ್ತೆ ಮಾಡಬೇಕು. ಅದರಲ್ಲೂ ಬಾರದಿದ್ದರೆ ಕಂಪನಿಗೆ ಕರೆ ಮಾಡಿ. ಅಲರ್ಟ್ ಬರುತ್ತಿಲ್ಲ ಎಂದಷ್ಟೇ ಹೇಳಿದರೆ ಅವರೂ ಆ್ಯಪ್ ತೆಗೆದು ಹಾಕಿ ಎನ್ನುತ್ತಾರೆ. ಫೋನಿನ ಮಾದರಿ, ಆಂಡ್ರಾಯ್ಡ್‌ನ ಸಂಖ್ಯೆ, ಹಿಸ್ಟರಿಯಲ್ಲಿ ಯಾವ ದಿನ ಎಷ್ಟು ಗಂಟೆಗೆ ದಾಖಲಾಗಿದೆ, ಫೋನಿಗೆ ಎಷ್ಟು ಹೊತ್ತಿಗೆ ಬಂತು ಅಥವಾ ಬರಲಿಲ್ಲ, ಬೇರೆ ಫೋನಿಗೆ ಬಂತೇ ಎಂಬುದನ್ನು ಬರೆದುಕೊಂಡು ಹೇಳಿ. ಅಲರ್ಟನ್ನು ತುರ್ತು ದರ್ಜೆಯಲ್ಲಿ ಕಳಿಸುತ್ತಿದ್ದೀರಾ ಎಂದು ನೇರವಾಗಿ ಕೇಳಿ. ಇಲ್ಲ ಎಂಬ ಉತ್ತರ ಬಂದರೆ ತಪ್ಪು ನಿಮ್ಮ ಫೋನಿನದಲ್ಲ, ಅದನ್ನು ಅವರೇ ಬದಲಾಯಿಸಬೇಕು. ಅಲ್ಲಿಯವರೆಗೆ ಕರೆಯ ಆಯ್ಕೆಯನ್ನು ಆನ್ ಇಟ್ಟಿರಿ, ಪೆಟ್ಟಿಗೆಯ ಸಿಮ್ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದನ್ನು ಪ್ಯಾನೆಲ್ ಬಾಗಿಲ ಒಳಬದಿಯಲ್ಲಿ ಬರೆದು ಅಂಟಿಸಿ.